ಕುಡುಕನ ಪಾರ್ಟು

"ತೂರಾಡ್ರೀ ಮೇಸ್ತ್ರಿ, ತೂರಾಡ್ರಿ! ನೀವು ನಡೆಯೋದು ನೋಡಿದ್ರೆ ಕುಡಿದು ಬಂದ ಹಾಗಿಲ್ಲ, ಕಾಲಿಗೆ ಮುಳ್ಳು ಚುಚ್ಚಿಸ್ಕೊಂಡು ಬಂದ ಹಾಗಿದೆ."

ಸ್ಟೋರ್‌ಕೀಪರ್ ನಾಟಕದ ಹಾಳೆಗಳನ್ನು ಸುರುಳಿ ಸುತ್ತಿ ತನ್ನ ತೊಡೆಗೇ ಬಡಿದುಕೊಂಡ. ಬಸ್ ಡಿಪೊದ ಟೈರ್ ಶೆಡ್ಡಿನಲ್ಲಿ, ಸವೆದ ಟೈರುಗಳನ್ನೆಲ್ಲ ಗೋಡೆಗೆ ಒತ್ತರಿಸಿ ಮಾಡಿಕೊಂಡ ಜಾಗವೇ ತಾಲೀಮಿಗೆ ಅವರ ರಂಗಸ್ಥಳ. ಟೈರ್ ಮೇಸ್ತ್ರಿ ಪೆಚ್ಚುಮೋರೆ ಹಾಕಿಕೊಂಡು ಮತ್ತೆ ಬಾಗಿಲಿನವರೆಗೆ ಹೋದ. ಅಲ್ಲಿ ನಿಂತು ಕಣ್ಣು ಅರ್ಧ ಮುಚ್ಚಿದ, ಕುತ್ತಿಗೆ ಸಡಿಲ ಬಿಟ್ಟ, ಎಡಕ್ಕೊಂದು ಬಲಕ್ಕೊಂದು ಅಳೆದು ಹಾಕಿದಂತೆ ಹೆಜ್ಜೆಯಿಡುತ್ತ ಬಂದ.

"ಈಗ?" ಎಂದು ಆಸೆಯಿಂದ ಕೇಳಿದ.

"ಈಗ ಎರಡೂ ಕಾಲಿಗೆ ಚುಚ್ಚಿದೆ," ಎಂದ ವೆಲ್ಡರ್. ನಾಟಕದಲ್ಲಿ ವೆಲ್ಡರನದು ಕುಡುಕನ ಹೆಂಡತಿಯ ಪಾರ್ಟು. ಮೀಸೆ ಬೋಳಿಸಲು ಅವನು ಸುತರಾಂ ಒಪ್ಪಿರಲಿಲ್ಲ. ಅದಕ್ಕಾಗಿಯೇ ಆ ಹೆಂಡತಿ ಮೊದಲ ದೃಶ್ಯದಿಂದ ಕೊನೆಯ ದೃಶ್ಯದವರೆಗೂ ಮುಖಕ್ಕೆ ಬಟ್ಟೆ ಒತ್ತಿಕೊಂಡು ಅಳುತ್ತಲೇ ಇರಬೇಕೆಂದು ಸ್ಟೋರ್‌ಕೀಪರ್ ಬರೆದುಬಿಟ್ಟಿದ್ದ. ನೋಡಿದವರು ಎಂಥ ಕರುಣಾಜನಕ ನಾಟಕವೆಂದು ಹೊಗಳುತ್ತಿದ್ದರು.

ಪ್ರತಿ ವರ್ಷ ಸುರಕ್ಷತಾ ಸಪ್ತಾಹದಲ್ಲಿ ಎಲ್ಲ ಡಿಪೊಗಳಿಗೂ ಸೇರಿ ನಾಟಕ ಸ್ಪರ್ಧೆ ನಡೆಯುತ್ತಿತ್ತು. ವಿಷಯ ಯಾವಾಗಲೂ ಒಂದೇ, ಕುಡಿತದ ಕೇಡು. ಮೂರು ವರ್ಷಗಳಿಂದ ಷೀಲ್ಡು ಈ ಡಿಪೊ ಬಿಟ್ಟು ಕದಲಿರಲಿಲ್ಲ. ಅದಕ್ಕೆ ಕಾರಣ ನಾಟಕವಲ್ಲ, ಮೇಸ್ತ್ರಿ. ಅವನು ರಂಗಕ್ಕೆ ಬಂದರೆ ಸಾಕು, ಸಭೆಗೆ ಸಭೆಯೇ ಉರುಳಾಡಿ ನಗುತ್ತಿತ್ತು, ಆಮೇಲೆ ಅವನು ಹೆಂಡತಿಯ ಮೇಲೆ ಕೈಯೆತ್ತಿದ ಕೂಡಲೇ ಗಪ್‌ಚಿಪ್ಪಾಗುತ್ತಿತ್ತು. ಹೋದ ವರ್ಷ ತೀರ್ಪುಗಾರರೊಬ್ಬರು ಮೇಲಕ್ಕೇ ಹತ್ತಿ ಬಂದು ಅವನನ್ನು ತಬ್ಬಿಕೊಂಡು, ಮೂಗು ಮುಚ್ಚಿಕೊಂಡು ಹಿಂದೆ ಸರಿದು, "ಅಬ್ಬಾ! ಪಾತ್ರಕ್ಕೆ ಅಂತ ವಾಸನೆ ಕೂಡ ತಂದಿದ್ದಾರಲ್ಲ!" ಎಂದು ಬೆರಗಾಗಿದ್ದರು.

ವಾಸನೆ ತರುವ ಕೆಲಸ ಮಾಡುತ್ತಿದ್ದವನು ಸ್ಟೋರ್‌ಕೀಪರ್. ಸ್ವಂತಕ್ಕೆ ಕೆಮ್ಮಿನ ಔಷಧಿಯನ್ನೂ ಎರಡು ಸಲ ಯೋಚಿಸಿ ಕುಡಿಯುವ ಮನುಷ್ಯ ಅವನು. ಆದರೆ ನಾಟಕದ ದಿನ ಸಾಮಾನಿನ ಪೆಟ್ಟಿಗೆಯ ತಳದಲ್ಲಿ, ಹತ್ತಿಯ ಚಿಂದಿಯಲ್ಲಿ ಸುತ್ತಿ, ಒಂದು ಬಾಟಲಿ ತಂದು ಮೇಸ್ತ್ರಿಯ ಕೈಗೆ ಕೊಡುತ್ತಿದ್ದ. ಕುಡಿತದ ಕೇಡನ್ನು ಊರಿಗೆ ತಿಳಿಸುವುದಕ್ಕೋಸ್ಕರ ಒಬ್ಬ ಕುಡಿದರೆ ತಪ್ಪೇನು ಎಂಬುದು ಅವನ ವಾದ. ಮೇಸ್ತ್ರಿಯಂತೂ ವಾದ ಮಾಡುವ ಗೋಜಿಗೇ ಹೋಗುತ್ತಿರಲಿಲ್ಲ.

ಈ ವರ್ಷ ಎಡವಟ್ಟಾಗಿತ್ತು. ಮೇಸ್ತ್ರಿ ಕುಡಿಯುವುದನ್ನು ಬಿಟ್ಟಿದ್ದ.

ಬಿಟ್ಟದ್ದು ನಾಟಕದ ಪ್ರಭಾವದಿಂದ ಅಲ್ಲ, ಆ ನಾಟಕ ನೋಡಿ ಕುಡಿತ ಬಿಟ್ಟವರು ಯಾರೂ ಇರಲಿಲ್ಲ. ಅವನನ್ನು ಬಿಡಿಸಿದ್ದು ಒಂದು ಹಿಂದಿನ ಚಕ್ರ. ಒಂದು ದಿನ ಬೆಳಿಗ್ಗೆ ಚಕ್ರ ಕೂರಿಸಿ, ನಟ್ಟುಗಳನ್ನು ಬೆರಳಲ್ಲಿ ಸುಮ್ಮನೆ ತಿರುವಿಟ್ಟು, ಸ್ಪ್ಯಾನರ್ ತರುತ್ತೇನೆಂದು ಶೆಡ್ಡಿನ ಹಿಂದಕ್ಕೆ ಹೋದ. ಸ್ಪ್ಯಾನರ್ ಅಲ್ಲಿರಲಿಲ್ಲ, ಬಾಟಲಿ ಇತ್ತು. ತಿರುಗಿ ಬಂದವನು, ಬಿಗಿದಾಯಿತು ಎಂದುಕೊಂಡು ಸೀಮೆಸುಣ್ಣದಲ್ಲಿ ಟಿಕ್ ಹಾಕಿಬಿಟ್ಟ. ಬಸ್ಸು ಕಿಕ್ಕಿರಿದ ಜನರನ್ನು ತುಂಬಿಕೊಂಡು ಹೊರಟಿತು. ಇಳಿಜಾರಿನ ತಿರುವಿನಲ್ಲಿ ಡ್ರೈವರನಿಗೆ ಏನೋ ಲೊಟಲೊಟ ಸದ್ದು ಕೇಳಿ ಬಸ್ಸನ್ನು ಪಕ್ಕಕ್ಕೆಳೆದು ನೋಡಿದರೆ ಚಕ್ರದಲ್ಲಿ ಉಳಿದದ್ದು ಎರಡೇ ನಟ್ಟು. ಆ ಡ್ರೈವರ್ ಸಂಜೆ ಶೆಡ್ಡಿಗೆ ಬಂದ. ಕೂಗಾಡಲಿಲ್ಲ. ಆ ನಟ್ಟುಗಳನ್ನು ಮೇಸ್ತ್ರಿಯ ಅಂಗೈಯಲ್ಲಿಟ್ಟು, ಬೆರಳುಗಳನ್ನು ತಾನೇ ಮಡಿಸಿ, "ಜನ ಕೂತಿದ್ರು ಮೇಸ್ತ್ರಿ," ಎಂದಷ್ಟೇ ಹೇಳಿ ಹೋದ.

ಮೇಸ್ತ್ರಿ ಮಾರನೆಯ ದಿನ ತಾನಾಗಿ ಆಸ್ಪತ್ರೆಗೆ ಹೋಗಿ ಸೇರಿಕೊಂಡ. ಅಲ್ಲಿ ಮೊದಮೊದಲು ಇಲ್ಲದ ಇರುವೆಗಳನ್ನು ಗೋಡೆಯ ಮೇಲಿಂದ ಗುಡಿಸುತ್ತ, ನರ್ಸನ್ನು ಡಿಪೊ ಮ್ಯಾನೇಜರ್ ಎಂದು ತಿಳಿದು ರಜೆ ಕೇಳುತ್ತ, ನಡುಗುತ್ತ, ಬೆವರುತ್ತ ಕಳೆದ. ಡಾಕ್ಟರಮ್ಮ ಬಿಡುಗಡೆ ಮಾಡುವಾಗ, "ನಿಮ್ಮ ಲಿವರ್ ಈ ಸಲ ಕ್ಷಮಿಸಿದೆ. ಅದಕ್ಕೆ ನಿಮ್ಮ ಹೆಂಡತಿಯಷ್ಟು ತಾಳ್ಮೆ ಇಲ್ಲ, ನೆನಪಿರಲಿ. ಒಂದು ತೊಟ್ಟು ಅಂತ ಶುರು ಮಾಡಿದ್ರೆ ಮತ್ತೆ ಇಲ್ಲಿಗೇ ಬರೋದು, ನಡ್ಕೊಂಡಲ್ಲ," ಎಂದಿದ್ದರು.

ಅಲ್ಲಿಂದೀಚೆಗೆ ಅವನು ಮುಟ್ಟಿರಲಿಲ್ಲ. ಈಗ ನಟ್ಟು ಬಿಗಿದ ಮೇಲೆ ಮತ್ತೊಮ್ಮೆ ಬಿಗಿಯುತ್ತಿದ್ದ, ಬಸ್ಸು ಗೇಟು ದಾಟುವಾಗ ಓಡಿಹೋಗಿ ಇನ್ನೊಮ್ಮೆ ಬಿಗಿಯುತ್ತಿದ್ದ. ಡ್ರೈವರುಗಳು, "ಮೇಸ್ತ್ರಿ ಕುಡೀತಿದ್ದಾಗ ಬಸ್ಸು ಹೊತ್ತಿಗೆ ಸರಿಯಾಗಿ ಹೊರಡ್ತಿತ್ತಪ್ಪಾ," ಎಂದು ರೇಗಿಸುತ್ತಿದ್ದರು.

ಎಲ್ಲ ಸರಿ, ಆದರೆ ಪಾರ್ಟು ಮಾಡುವುದು ಹೇಗೆ? ಮೇಸ್ತ್ರಿ ಎಂದೂ ಕುಡುಕನ ನಟನೆ ಮಾಡಿದವನೇ ಅಲ್ಲ. ಕುಡಿದು ರಂಗದ ಮೇಲೆ ಹೋಗಿ ತಾನಾಗಿರುತ್ತಿದ್ದ, ಅಷ್ಟೇ. ಈಗ ಮೈಯಲ್ಲಿ ಎಚ್ಚರವಿಟ್ಟುಕೊಂಡು ಕುಡುಕನಾಗು ಎಂದರೆ, ಊಹೂಂ.

"ನೋಡಿ ಮೇಸ್ತ್ರಿ," ಸ್ಟೋರ್‌ಕೀಪರ್ ಅವನನ್ನು ಟೈರುಗಳ ಮರೆಗೆ ಕರೆದು ದನಿ ತಗ್ಗಿಸಿದ. "ಷೀಲ್ಡು ಹೋದ್ರೆ ಮ್ಯಾನೇಜರ್ ನನ್ನ ಚರ್ಮ ಸುಲೀತಾರೆ. ಒಂದೋ ಪಾರ್ಟು ಬೇರೆಯವರಿಗೆ ಕೊಡ್ತೀನಿ. ಇಲ್ಲಾ ಅವತ್ತು ಒಂದೇ ಒಂದು ಮುಚ್ಚಳ. ಕುಡಿಯೋದಲ್ಲ, ನಾಲಿಗೆ ಒದ್ದೆ ಮಾಡ್ಕೊಳ್ಳೋದು. ಕಲೆಗೋಸ್ಕರ."

"ಬೇಡ ಸಾರ್."

"ಔಷಧಿ ಅಂದ್ಕೊಳ್ಳಿ."

"ಪಾರ್ಟೂ ನನಗೇ ಇರಲಿ, ಮುಚ್ಚಳವೂ ಬೇಡ. ನಾನು ಕಲಿತು ಬರ್ತೀನಿ," ಎಂದ ಮೇಸ್ತ್ರಿ.

ಪಾರ್ಟು ಬಿಟ್ಟುಕೊಟ್ಟಿದ್ದರೆ ತಂಟೆಯೇ ಮುಗಿಯುತ್ತಿತ್ತು. ಆದರೆ ಅವನಿಗೆ ಅದು ಬೇಕಿತ್ತು. ವರ್ಷವಿಡೀ ಟೈರು ಬಿಚ್ಚಿ ಟೈರು ಹಾಕುವವನಿಗೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಆ ಒಂದು ಮಧ್ಯಾಹ್ನ ಮಾತ್ರ ಅಷ್ಟು ಜನ ಅವನನ್ನೇ ನೋಡುತ್ತಿದ್ದರು. ಅದನ್ನು ಕಳೆದುಕೊಳ್ಳಲು ಮನಸ್ಸಿಲ್ಲ. ಒಂದು ಮುಚ್ಚಳ ಬಾಯಿಗೆ ಬಿದ್ದರೆ ಎರಡನೆಯದಕ್ಕೆ ಯಾರ ಅಪ್ಪಣೆಯೂ ಬೇಕಾಗುವುದಿಲ್ಲ ಎಂಬುದೂ ಅವನಿಗೆ ಚೆನ್ನಾಗಿ ಗೊತ್ತಿತ್ತು. ಅಡಕತ್ತರಿಯಲ್ಲಿ ಸಿಕ್ಕಿದವನಂತೆ ಮನೆಗೆ ನಡೆದ.

ಮನೆಯೆಂದರೆ ಒಂದು ಉದ್ದನೆಯ ಕೋಣೆ, ಅದರ ಕೊನೆಗೆ ಅಡುಗೆಮನೆ. ಕಿಟಕಿಯ ಬಳಿ ಹೆಂಡತಿ ಹೊಲಿಗೆ ಮಿಷನ್ನಿನ ಮುಂದೆ ಕೂತು ದಿಂಬಿನ ಚೀಲಗಳನ್ನು ಹೊಲಿಯುತ್ತಿದ್ದಳು. ಮಂಚದ ಮೇಲೆ ತಾಯಿ ಕೂತು ಅವಕ್ಕೆ ಗುಂಡಿ ಹಾಕುತ್ತಿದ್ದಳು. ಮಗಳು ನೆಲದ ಮೇಲೆ ಬೋರಲು ಮಲಗಿ ಭೂಪಟಕ್ಕೆ ಬಣ್ಣ ತುಂಬುತ್ತಿದ್ದಳು.

ಮೇಸ್ತ್ರಿ ಸ್ಟೂಲಿನ ಮೇಲೆ ಕೂತ. ಎದ್ದ. ಮತ್ತೆ ಕೂತ.

"ಒಂದು ಕೇಳ್ಲಾ?" ಎಂದ ಹೆಂಡತಿಗೆ. "ಕುಡಿದಾಗ ನಾನು ಹೇಗಿರ್ತಿದ್ದೆ?"

ಮಿಷನ್ನು ನಿಂತಿತು. "ಯಾಕ್ರೀ, ಮರೆತು ಹೋಯ್ತಾ?"

"ಮರೆಯೋಕೆ ಮೊದಲು ಗೊತ್ತಿರಬೇಕಲ್ಲ. ನಾನು ಅದನ್ನ ನೋಡಿದ್ದರೆ ತಾನೇ?"

"ಹೇಗಿರ್ತಿದ್ದೆ ಅಂದ್ರೆ ಏನ್ ಹೇಳೋದು?" ತಾಯಿ ದಾರವನ್ನು ಹಲ್ಲಲ್ಲಿ ಕಚ್ಚಿ ಹರಿದಳು. "ನಿಮ್ಮಪ್ಪನಿಗಿಂತ ವಾಸಿ. ಅವರು ಹಾಡ್ತಿದ್ರು."

ಮೇಸ್ತ್ರಿ ಎಲ್ಲವನ್ನೂ ಹೇಳಿದ. ಮುಳ್ಳಿನ ಮಾತು, ಷೀಲ್ಡಿನ ಮಾತು, ಮುಚ್ಚಳದ ಮಾತು. ಮುಚ್ಚಳ ಎಂದಾಗ ಹೆಂಡತಿಯ ಕಣ್ಣು ಅವನ ಮುಖದ ಮೇಲೆ ನೆಟ್ಟಿತು. ಅವಳು ಬಟ್ಟೆ ಮಡಿಸಿಟ್ಟು ಎದ್ದಳು. ಮೊಳೆಗೆ ತೂಗುಹಾಕಿದ್ದ ಅವನ ಯೂನಿಫಾರಂ ಅಂಗಿಯನ್ನು ತೊಟ್ಟು, ಗುಂಡಿಗಳನ್ನು ಒಂದು ಮನೆ ತಪ್ಪಿಸಿ ಹಾಕಿಕೊಂಡಳು. ಅವನ ಬೂಟಿನೊಳಗೆ ಕಾಲು ತೂರಿಸಿದಳು.

"ಸುಮ್ಮನೆ ಕೂತು ನೋಡಿ. ನಡುವೆ ಬಾಯಿ ಹಾಕ್ಬೇಡಿ," ಎಂದು ಹೇಳಿ ಹೊರಗೆ ಹೋಗಿ ಬಾಗಿಲೆಳೆದುಕೊಂಡಳು.

ಆಮೇಲೆ ಬಾಗಿಲ ಮೇಲೆ ಅಂಗೈ ಬಡಿಯಿತು, ಧಡ್, ಧಡ್ ಧಡ್.

"ನಾನು ಕುಡಿದಿಲ್ಲ!" ಎಂದು ಹೊರಗಿನಿಂದ ಕೂಗು.

"ಯಾರೂ ಕೇಳೇ ಇಲ್ಲವಲ್ಲ," ಎಂದ ಮೇಸ್ತ್ರಿ.

"ಅದೇ ಅಪ್ಪಾ. ನೀವು ಯಾರೂ ಕೇಳೋಕೆ ಮುಂಚೆನೇ ಹೇಳ್ತಿದ್ರಿ," ಎಂದಳು ಮಗಳು. ಹೇಳುತ್ತಲೇ ಎದ್ದವಳು ಅವನ ಕೆಳಗಿನಿಂದ ಸ್ಟೂಲನ್ನು ಕಸಿದುಕೊಂಡು, ಗೋಡೆಗೊತ್ತಿ ಮೇಲೆ ಹತ್ತಿ, ಗಡಿಯಾರವನ್ನು ಇಳಿಸಿ ಮಂಚದಡಿ ತಳ್ಳಿದಳು. ಅಷ್ಟರಲ್ಲಿ ತಾಯಿ ಕನ್ನಡಕ ತೆಗೆದು ಹಿಟ್ಟಿನ ಡಬ್ಬಿಯೊಳಗೆ ಹಾಕಿ ಮುಚ್ಚಳ ಒತ್ತಿ, ಗೋಡೆಯ ಕಡೆಗೆ ತಿರುಗಿ ಮಲಗಿ ಗೊರಕೆ ಶುರು ಮಾಡಿಯಾಗಿತ್ತು. ಮೇಸ್ತ್ರಿ ಇದೇನೆಂದು ಕೇಳುವುದರೊಳಗೆ ಬಾಗಿಲು ಧಡಾರನೆ ತೆರೆದು ಹೆಂಡತಿ ಒಳಗೆ ಬಂದಳು.

ಬಂದವಳು ಹೆಂಡತಿಯಲ್ಲ. ಹೊಸಿಲಿಗೆ ಎಡವಿ, ತಿರುಗಿ ನೋಡಿ, "ಕ್ಷಮಿಸಿ," ಎಂದು ಹೊಸಿಲಿಗೇ ಕೈ ಮುಗಿದಳು. ಗೋಡೆ ಹಿಡಿದುಕೊಂಡು ನಾಲ್ಕು ಹೆಜ್ಜೆ ಬಂದು, ಮೊಳೆಯಲ್ಲಿ ನೇತಾಡುತ್ತಿದ್ದ ಚೀಲದ ಮುಂದೆ ಎದೆಯುಬ್ಬಿಸಿ ನಿಂತಳು. "ಮ್ಯಾನೇಜರ್ ಸಾರ್, ನಿಮಗಿರೋದು ಕುರ್ಚಿ. ನನಗಿರೋದು ಚಕ್ರ. ಯಾವುದು ಉರುಳುತ್ತೆ ಹೇಳಿ ನೋಡೋಣ," ಎಂದು ಅದರೊಡನೆ ವಾದಕ್ಕಿಳಿದಳು. ಚೀಲ ಉತ್ತರಿಸಲಿಲ್ಲ. "ಹಾ! ಬಾಯಿ ಮುಚ್ಚೋಯ್ತು!" ಎಂದು ಗೆದ್ದವಳಂತೆ ನೆಲಕ್ಕೆ ಕುಸಿದು ಬೂಟು ಬಿಚ್ಚತೊಡಗಿದಳು.

"ಅಮ್ಮಾ, ಒಂದೇ ಬೂಟು! ಎಡಗಾಲಿಂದು ಮಾತ್ರ!" ಎಂದಳು ಮಗಳು.

"ನಂಗೊತ್ತು ಸುಮ್ನಿರೇ."

"ಬಿಚ್ಚಿದ ಬೂಟಿನ ಒಳಗೆ ಏನೋ ಹುಡುಕ್ತಾನೆ, ಅದು ಬಿಟ್ಟೆ," ಎಂದು ಗೊರಕೆ ನಿಲ್ಲಿಸಿ ತಾಯಿ ತಿದ್ದಿದಳು. ಆಮೇಲೆ ಮತ್ತೆ ಗೊರಕೆ ಹಿಡಿದಳು.

ಹೆಂಡತಿ ಬೂಟಿನೊಳಗೆ ಕೈ ಹಾಕಿ ತಡಕಾಡಿ, ಬೆರಳು ಸಿಕ್ಕಿಹಾಕಿಕೊಂಡು, "ಯಾರೋ ಹಿಡ್ಕೊಂಡ್ರು!" ಎಂದು ಕಿರುಚಿದಳು. ಮೇಸ್ತ್ರಿಗೆ ಹೊಟ್ಟೆ ಹುಣ್ಣಾಗುವಷ್ಟು ನಗು. ಕಣ್ಣಲ್ಲಿ ನೀರು ಬಂದು, ಗೋಡೆಗೊರಗಿ, ಬಾಯಿಯೊಳಗೆ ಮುಷ್ಟಿ ತುರುಕಿಕೊಂಡು ನಕ್ಕ. ಇಂಥ ತಮಾಷೆಯ ಮನುಷ್ಯನನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ.

ಹೆಂಡತಿ ಎದ್ದು ನಿಂತಳು. ಕೋಣೆಯನ್ನು ಒಂದು ಸುತ್ತು ನೋಡಿದಳು, ಏನನ್ನೋ ಎತ್ತಿಕೊಳ್ಳಲು ಹುಡುಕುವವಳಂತೆ. ನೋಟ ಗೋಡೆಯ ಮೇಲೆ, ಕಪಾಟಿನ ಮೇಲೆ ಹಾದು ಮಗಳ ಹತ್ತಿರ ಬಂದು ನಿಂತಿತು. ಅವಳ ಭುಜ ಇಳಿಯಿತು. ಅಂಗಿಯ ಗುಂಡಿ ಬಿಚ್ಚತೊಡಗಿದಳು.

"ಆಮೇಲೆ?" ಮೇಸ್ತ್ರಿ ಕಣ್ಣೊರೆಸಿಕೊಳ್ಳುತ್ತ ಕೇಳಿದ. "ಆಮೇಲೇನು ಮಾಡ್ತಿದ್ದೆ?"

"ಆಮೇಲಿಂದು ನಾನು ಮಾಡಿ ತೋರಿಸೋಲ್ಲ," ಎಂದಳು ಅವಳು, ಅಂಗಿಯನ್ನು ಮೊಳೆಗೆ ಹಾಕುತ್ತ.

ಮೇಸ್ತ್ರಿಯ ನಗು ಮುಖದ ಮೇಲೆಯೇ ಉಳಿದುಕೊಂಡು ಏನು ಮಾಡಬೇಕೆಂದು ತೋಚದಂತಾಯಿತು. ಗಡಿಯಾರವಿಲ್ಲದ ಮೊಳೆ ಅವನ ಕಣ್ಣಿಗೆ ಬಿತ್ತು.

"ಗಡಿಯಾರ ಯಾಕೆ ಇಳಿಸಿದೆ ಪುಟ್ಟಿ?"

"ನೀವು ಬಾಗಿಲು ತಟ್ಟಿದ್ರಲ್ಲಪ್ಪಾ." ಇಷ್ಟೂ ಗೊತ್ತಿಲ್ಲವೇ ಎಂಬಂತೆ ಅವಳು ಹೇಳಿದಳು. "ತಟ್ಟಿದ ಕೂಡ್ಲೇ ನಂದು ಗಡಿಯಾರ. ಅಜ್ಜಿದು ಕನ್ನಡಕ. ಅಮ್ಮಂದು ಮಿಷನ್ ಮೇಲೆ ಕಂಬಳಿ ಹೊದಿಸಿ, ಕತ್ತರಿ ಬಚ್ಚಿಟ್ಟು, ಆಮೇಲೆ ಬಾಗಿಲು ತೆಗೆಯೋದು. ಇವತ್ತು ಅಮ್ಮನೇ ನೀವಾಗಿದ್ಲಲ್ಲ, ಅದಕ್ಕೆ ಮಿಷನ್ ಹಾಗೇ ಉಳೀತು."

"ಮತ್ತೆ ಅಮ್ಮ... ನೀನು ನಿದ್ದೆ ಮಾಡ್ತಿರ್ಲಿಲ್ವಾ?" ಮೇಸ್ತ್ರಿ ತಾಯಿಯ ಕಡೆ ತಿರುಗಿದ.

"ಮನೆ ಹಾರಿಹೋಗೋ ಗದ್ದಲದಲ್ಲಿ ಯಾರಿಗೋ ನಿದ್ದೆ ಬರುತ್ತೆ?" ತಾಯಿ ಎದ್ದು ಕೂತು ಡಬ್ಬಿಯಿಂದ ಕನ್ನಡಕ ತೆಗೆದು ಸೆರಗಿನಲ್ಲಿ ಹಿಟ್ಟು ಒರೆಸಿದಳು. "ನಂದು ನಿದ್ದೆ ಪಾರ್ಟು. ಎದ್ದಿದ್ರೆ ನನ್ನನ್ನೂ ಮಾತಿಗೆ ಎಳೀತಿದ್ದೆ ನೀನು."

ಈ ಮನೆಯ ಗಡಿಯಾರ ಯಾಕೆ ಯಾವತ್ತೂ ಸರಿಯಾದ ಹೊತ್ತು ತೋರಿಸುವುದಿಲ್ಲ ಎಂದು ಅವನು ಎಷ್ಟು ಸಲ ರೇಗಿದ್ದನೋ. ವಯಸ್ಸಾದ ಮೇಲೆ ಅಮ್ಮನಿಗೆ ಬೇಗ ನಿದ್ದೆ ಬರುತ್ತದೆಂದು ಡಿಪೊದಲ್ಲಿ ಹೇಳಿಕೊಂಡಿದ್ದ. ಇಷ್ಟು ವರ್ಷ ಈ ಕೋಣೆಯಲ್ಲಿ ದಿನಾ ಸಂಜೆ ನಾಟಕ ನಡೆದಿತ್ತು. ಎಲ್ಲರಿಗೂ ಅವರವರ ಪಾರ್ಟು ಬಾಯಿಪಾಠವಾಗಿತ್ತು. ಅದು ನಾಟಕವೆಂದು ಗೊತ್ತಿಲ್ಲದೆ ಹೋದವನು ಅವನೊಬ್ಬನೇ. ಮೇಸ್ತ್ರಿಗೆ ನಾಚಿಕೆಯಾಯಿತು. ಭೂಮಿ ಬಾಯಿ ಬಿಡಬಾರದೇ ಎನ್ನುವಷ್ಟು ನಾಚಿಕೆಯಾಯಿತು.

"ಚೆನ್ನಾಗಿ ಮಾಡಿದೆ," ಎಂದ ಹೆಂಡತಿಗೆ.

"ಬಾಗಿಲು ತಟ್ಟೋದು ಕಲೀರಿ ಮೊದ್ಲು. ಬೆರಳಲ್ಲಿ ಅಲ್ಲ, ಅಂಗೈಯಲ್ಲಿ," ಎಂದು ಅವಳು ಮಿಷನ್ನಿನ ಮುಂದೆ ಕೂತಳು.

ಆ ವಾರವೆಲ್ಲ ಅವನು ಕಲಿತ. ಮೂವರು ಗುರುಗಳು, ಒಬ್ಬರ ಮಾತು ಒಬ್ಬರಿಗೆ ಸೇರದು. ಚೀಲದ ಜೊತೆ ವಾದ ಮಾಡುವಾಗ ಸೊಂಟದ ಮೇಲೆ ಕೈ ಇರುತ್ತಿತ್ತೋ ಇಲ್ಲವೋ ಎಂದು ಅತ್ತೆಗೂ ಸೊಸೆಗೂ ಒಂದು ದಿನ ಮಾತು ಬಿಟ್ಟೇಹೋಗಿತ್ತು. ಡಿಪೊದಲ್ಲಿ ಮುಂದಿನ ತಾಲೀಮು ನೋಡಿದ ಸ್ಟೋರ್‌ಕೀಪರ್ ಹತ್ತಿರ ಬಂದು, ಮೇಸ್ತ್ರಿಯ ಬಾಯಿಯ ಬಳಿ ಮೂಗು ತಂದು ಮೂಸಿ, "ಏನೂ ಇಲ್ವಲ್ಲ!" ಎಂದು ಕಂಗಾಲಾದ. ಆದರೂ ಅವನಿಗೆ ನಂಬಿಕೆ ಬರಲಿಲ್ಲ.

ಸ್ಪರ್ಧೆಯ ದಿನ ಸಭಾಂಗಣ ಗಿಜಿಗುಡುತ್ತಿತ್ತು. ಎಲ್ಲ ಡಿಪೊಗಳ ಡ್ರೈವರುಗಳು, ಕಂಡಕ್ಟರುಗಳು, ಅವರ ಮನೆಮಂದಿ. ಮೂರನೆಯ ಸಾಲಿನಲ್ಲಿ ಹೆಂಡತಿ, ತಾಯಿ, ಮಗಳು ಕೂತಿದ್ದನ್ನು ಮೇಸ್ತ್ರಿ ಪರದೆಯ ಸಂದಿಯಿಂದ ನೋಡಿದ. ವೇಷದ ಕೋಣೆಗೆ ತಿರುಗಿದರೆ ಅಲ್ಲಿ ಸ್ಟೋರ್‌ಕೀಪರ್, ಕೈಯಲ್ಲಿ ಹತ್ತಿಯ ಚಿಂದಿಯ ಗಂಟು.

"ಇರಲಿ ಅಂತ ತಂದೆ. ಬೇಡ ಅಂದ್ರೆ ಬೇಡ. ಇಲ್ಲೇ ಇಟ್ಟಿರ್ತೀನಿ," ಎಂದು ಕನ್ನಡಿಯ ಮುಂದಿಟ್ಟು, ಪಾಪಭೀರುವಿನಂತೆ ಆ ಕಡೆ ಹೋಗಿಬಿಟ್ಟ.

ಮೇಸ್ತ್ರಿ ಬಾಟಲಿಯನ್ನು ಎತ್ತಿಕೊಂಡ. ಮುಚ್ಚಳ ತಿರುಗಿಸಿದ. ವಾಸನೆ ಮೂಗಿಗೆ ಬಿದ್ದದ್ದೇ ತಡ, ಬಾಯಲ್ಲಿ ನೀರೂರಿತು, ಬೆನ್ನಿನ ಮೇಲೆ ಏನೋ ಹರಿದಂತಾಯಿತು. ಎಷ್ಟು ದಿನವಾಗಿತ್ತು! ಹೊರಗೆ ಅಷ್ಟು ಜನ, ಒಂದು ಗುಟುಕು ಇಳಿದರೆ ಎಲ್ಲ ಹಗುರ. ತುಟಿಯವರೆಗೂ ಹೋಯಿತು ಎಂದರೆ ಸುಳ್ಳಲ್ಲ. ಆ ಹೊತ್ತಿಗೆ ಅವನಿಗೆ ನೆನಪಾದದ್ದು ಡಾಕ್ಟರಮ್ಮನೂ ಅಲ್ಲ, ಲಿವರೂ ಅಲ್ಲ. ಸ್ಟೂಲು ಹತ್ತಿದ ಮಗಳ ಹಿಮ್ಮಡಿಗಳು. ಎಷ್ಟು ಅಭ್ಯಾಸವಾಗಿತ್ತು ಅವಕ್ಕೆ. ಬಾಟಲಿಯನ್ನು ಕನ್ನಡಿಯ ಮುಂದೆ ಕುಕ್ಕಿ, ಮುಖ ತೊಳೆಯಲು ನಲ್ಲಿಯ ಬಳಿಗೆ ಓಡಿದ.

ಮುಚ್ಚಳ ಹಾಕುವುದನ್ನು ಮರೆತಿದ್ದ. ಮೂಲೆಯಲ್ಲಿ ಹೆಂಡತಿಯ ವೇಷದಲ್ಲಿ ವೆಲ್ಡರ್ ನಡುಗುತ್ತ ಕೂತಿದ್ದ. ಬೆಂಕಿಯ ಕಿಡಿಗೆ ಹೆದರದ ಆ ಮನುಷ್ಯನಿಗೆ ಜನರನ್ನು ಕಂಡರೆ ಪ್ರತಿ ವರ್ಷವೂ ದಿಗಿಲಾಗುತ್ತಿತ್ತು. ಅವನು ಕುಡಿಯುವವನಲ್ಲ, ಅದಕ್ಕೇ ಎಷ್ಟು ಕುಡಿಯಬೇಕೆಂಬ ಅಂದಾಜೂ ಇರಲಿಲ್ಲ. ಧೈರ್ಯ ಬರುತ್ತದೆಂದು ಕೇಳಿದ್ದ. ಮೇಸ್ತ್ರಿ ಮುಖ ಒರೆಸಿಕೊಂಡು ಬರುವಷ್ಟರಲ್ಲಿ ಬೇಕಾದದ್ದಕ್ಕಿಂತ ಹೆಚ್ಚು ಧೈರ್ಯ ಬಂದುಬಿಟ್ಟಿತ್ತು.

ಪರದೆ ಎದ್ದಿತು. ಮೇಸ್ತ್ರಿ ಬಣ್ಣದ ಬಟ್ಟೆಯ ಬಾಗಿಲನ್ನು ಅಂಗೈಯಿಂದ ಬಡಿದು, "ನಾನು ಕುಡಿದಿಲ್ಲ!" ಎಂದು ಕೂಗಿದ.

ಒಳಗೆ ಅಳಬೇಕಾದ ಹೆಂಡತಿ, "ನಾನು ಕುಡಿದಿದ್ದೀನಿ!" ಎಂದು ಹೆಮ್ಮೆಯಿಂದ ಸಾರಿದಳು.

ಸಭಾಂಗಣ ಒಮ್ಮೆಲೇ ಭೋರ್ಗರೆಯಿತು. ವೆಲ್ಡರನ ಮುಖದ ಬಟ್ಟೆ ಯಾವಾಗಲೋ ಜಾರಿ ಮೀಸೆ ರಾರಾಜಿಸುತ್ತಿತ್ತು. ಅವನು ಗಂಡನನ್ನು ಅಪ್ಪಿಕೊಂಡ, ಬಿಟ್ಟ, ಮೇಜನ್ನು ಅಪ್ಪಿಕೊಂಡ. ಪರದೆಯ ಹಿಂದಿನಿಂದ ಸ್ಟೋರ್‌ಕೀಪರ್, "ಅಳ್ರೀ! ದಮ್ಮಯ್ಯ, ಅಳ್ರೀ!" ಎಂದು ತಾನೇ ಅಳುವವನಂತೆ ಬೇಡಿಕೊಳ್ಳುತ್ತಿದ್ದ. ವೆಲ್ಡರ್ ಆ ದನಿ ಬಂದತ್ತ ತಿರುಗಿ, "ಯಾರೋ ಅದು ನನ್ನ ಮನೇಲಿ?" ಎಂದು ಮೇಜಿನ ಮೇಲಿದ್ದ ಗಾಜಿನ ಹೂಜಿಯತ್ತ ಕೈ ಚಾಚಿದ.

ಮೇಸ್ತ್ರಿ ಹೂಜಿಯನ್ನು ಎತ್ತಿ ಮಂಚದಡಿ ಇಟ್ಟ. ಯೋಚಿಸಿ ಮಾಡಿದ್ದಲ್ಲ. ವೆಲ್ಡರ್ ದೀಪದ ಕಡೆಗೆ ತೂರಾಡಿದ. ಮೇಸ್ತ್ರಿ ದೀಪ ತೆಗೆದ. ಸ್ಟೂಲು ತೆಗೆದ, ತಟ್ಟೆ ತೆಗೆದ, ಗೋಡೆಯ ಚಿತ್ರಪಟ ತೆಗೆದ. ಕುಡುಕ ಗಂಡ ಮೆಲ್ಲಮೆಲ್ಲಗೆ, ಸದ್ದಾಗದಂತೆ ಮನೆ ಖಾಲಿ ಮಾಡುವುದನ್ನು ಕಂಡು ಜನ ಬೆಂಚಿನಿಂದ ಉರುಳಿಬೀಳುವಂತೆ ನಕ್ಕರು. ತೀರ್ಪುಗಾರರು ಕರವಸ್ತ್ರ ಬಾಯಿಗೆ ತುರುಕಿಕೊಂಡಿದ್ದರು. ಮೂರನೆಯ ಸಾಲಿನಲ್ಲಿ ಮಾತ್ರ ಮೂವರು ನಗದೆ ಕೂತಿದ್ದರು. ಚಿತ್ರಪಟವನ್ನು ಎದೆಗವಚಿಕೊಂಡು ನಿಂತ ಮೇಸ್ತ್ರಿಗೆ ಅವರು ಸ್ಪಷ್ಟವಾಗಿ ಕಂಡರು. ಕಡೆಗೆ ನಾಟಕದ ಹೆಂಡತಿ ಗಂಡನ ಹೆಗಲ ಮೇಲೆ ಕುಸಿದು ನಿದ್ದೆಹೋಗಿ, ಪರದೆ ತಾನಾಗಿ ಇಳಿಯಿತು.

ಷೀಲ್ಡು ಇವರಿಗೇ ಬಂತು. ಕುಡಿತವು ಗಂಡಸರಿಗೆ ಮಾತ್ರ ಸೀಮಿತವಾದ ಪಿಡುಗಲ್ಲ ಎಂಬ ಸತ್ಯವನ್ನು ನಾಟಕಕಾರರು ದಿಟ್ಟತನದಿಂದ ಎತ್ತಿ ತೋರಿಸಿದ್ದಾರೆ ಎಂದು ತೀರ್ಪುಗಾರರು ಹೇಳಿದರು. ಸ್ಟೋರ್‌ಕೀಪರ್ ತಲೆ ತಗ್ಗಿಸಿ, ತನ್ನ ಉದ್ದೇಶವೂ ಅದೇ ಆಗಿತ್ತೆಂದು ಒಪ್ಪಿಕೊಂಡ.

ವೆಲ್ಡರನನ್ನು ಮನೆ ಮುಟ್ಟಿಸುವ ಕೆಲಸ ಮೇಸ್ತ್ರಿಯ ಪಾಲಿಗೆ ಬಂತು. ಇಂಥ ಕೆಲಸ ಅವನಿಗೆ ಗೊತ್ತಿರುತ್ತದೆ ಎಂದು ಎಲ್ಲರೂ ಒಕ್ಕೊರಲಿನಿಂದ ತೀರ್ಮಾನಿಸಿದ್ದರು. ದಾರಿಯುದ್ದಕ್ಕೂ ವೆಲ್ಡರ್ ಹೆಗಲಿಗೆ ಜೋತುಬಿದ್ದು ಬಂದ, ಎರಡು ಸಲ ಮೇಸ್ತ್ರಿಯ ಕೋಟಿನ ಮೇಲೇ ವಾಂತಿ ಮಾಡಿಕೊಂಡ. ಬಾಗಿಲು ತೆಗೆದ ವೆಲ್ಡರನ ಹೆಂಡತಿ ಗಂಡನ ಮೈಮೇಲಿದ್ದ ಹೆಣ್ಣುವೇಷವನ್ನೂ ಮುಖವನ್ನೂ ನೋಡಿ, ಆಮೇಲೆ ಮೇಸ್ತ್ರಿಯನ್ನು ನೋಡಿದಳು.

"ನೀನು ಹಾಳಾಗಿದ್ದು ಸಾಲ್ದೂಂತ ಇವರನ್ನೂ ಎಳೆದ್ಯಾ? ಥೂ! ಒಂದು ದಿನ ಮುಟ್ಟಿದವರಲ್ಲ ಇವರು!"

"ಅಕ್ಕಾ, ನಾನು..." ಎಂದು ಮೇಸ್ತ್ರಿ ಬಾಯಿ ತೆರೆದ. ತಾನು ಕುಡಿಸಿಲ್ಲ ಎನ್ನಬೇಕು, ತಾನೂ ಕುಡಿದಿಲ್ಲ ಎನ್ನಬೇಕು. ಈ ಕೋಟು ಹಾಕಿಕೊಂಡು ಹೇಳಿದರೆ ಯಾರು ನಂಬುತ್ತಾರೆ? ಅವಳು ಬಾಯಿಗೆ ಬಂದದ್ದನ್ನೆಲ್ಲ ಬೈದು ಮುಗಿಸುವವರೆಗೂ ನಿಂತಿದ್ದು ತಿರುಗಿ ನಡೆದ.

ಬೀದಿಯ ದೀಪಗಳು ಆಗತಾನೇ ಹತ್ತಿದ್ದವು. ನಾಟಕದ ಹರಕು ಕೋಟು, ಕೆದರಿದ ತಲೆ, ಗಬ್ಬು ನಾರುವ ಮೈ. ದಾರಿಯಲ್ಲಿ ಎದುರಾದವರು ಪಕ್ಕಕ್ಕೆ ಸರಿದು ಜಾಗ ಕೊಟ್ಟರು. ಮೇಸ್ತ್ರಿ ತನ್ನ ಮನೆಯ ಬಾಗಿಲ ಮುಂದೆ ಬಂದು ನಿಂತ. ಒಳಗೆ ದೀಪವಿತ್ತು. ಅವರು ಯಾವಾಗಲೋ ಬಂದಿರಬೇಕು. ಇಷ್ಟು ಹೊತ್ತು ಅವನೆಲ್ಲಿ ಹೋದನೆಂದು ಏನೇನು ಅಂದುಕೊಂಡಿರುತ್ತಾರೋ.

ಒಮ್ಮೆ ಬಾಗಿಲು ತಟ್ಟಿದ. ಬೆರಳಲ್ಲಿ ತಟ್ಟಿದ.

ಒಳಗೆ ಸ್ಟೂಲು ಎಳೆದ ಸದ್ದು. ಪುಟ್ಟ ಕಾಲುಗಳ ಓಟ. ಡಬ್ಬಿಯ ಮುಚ್ಚಳ ಟಪ್ಪೆಂದಿತು. ದಪ್ಪ ಕಂಬಳಿಯೊಂದು ಮಿಷನ್ನಿನ ಮೇಲೆ ಬಿದ್ದ ಸದ್ದನ್ನೂ, ಅಷ್ಟು ಮೆತ್ತಗಿನ ಸದ್ದನ್ನೂ, ಅವನು ಕೇಳಿಸಿಕೊಂಡ.

ನಾನು ಕುಡಿದಿಲ್ಲ ಎಂದು ಗಂಟಲವರೆಗೂ ಬಂದ ಮಾತನ್ನು ನುಂಗಿಕೊಂಡ. ಈ ಬಾಗಿಲಲ್ಲಿ ಆ ಮಾತು ಎಷ್ಟು ಸಲ ಕೇಳಿಸಿತ್ತೋ, ಈಗ ಅದು ನಿಜವಾಗಿದ್ದರೂ ಹೇಳುವ ಹಾಗಿಲ್ಲ. ಇನ್ನೊಮ್ಮೆ ತಟ್ಟಲೂ ಇಲ್ಲ. ಕೈ ಕೆಳಗೆ ಬಿಟ್ಟುಕೊಂಡು, ಅವರವರ ಕೆಲಸ ಅವರು ಮುಗಿಸಲೆಂದು ಕಾದು ನಿಂತ.

ಒಳಗೆ ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ ಮಗಳ ಪಿಸುಮಾತು ಬಾಗಿಲ ಸಂದಿಯಿಂದ ಬಂತು.

"ಅಮ್ಮಾ, ಅಪ್ಪ ಮತ್ತೆ ತಟ್ಟಲೇ ಇಲ್ಲ."

ಚಿಲಕ ಸರಿಯಿತು. ಹೆಂಡತಿ ಬಾಗಿಲು ತೆರೆದು ಅವನ ಮುಖ ನೋಡಿದಳು, ಕಾಲು ನೋಡಿದಳು, ಕೋಟಿನ ವಾಸನೆಗೆ ಮೂಗು ಸಿಂಡರಿಸಿದಳು.

"ವೆಲ್ಡರು?"

"ಮನೆಗೆ ಬಿಟ್ಟು ಬಂದೆ."

"ಅವನ ಹೆಂಡ್ತಿ ಬೈದ್ಳಾ?"

"ಬೈದ್ಳು."

"ಯಾರನ್ನ?"

"ನನ್ನನ್ನ."

ಹೆಂಡತಿಯ ತುಟಿಯ ಕೊನೆಯಲ್ಲಿ ಏನೋ ಅಲುಗಿತು. ಅವಳು ಪಕ್ಕಕ್ಕೆ ಸರಿದಳು. ಮೇಸ್ತ್ರಿ ಹೊಸಿಲಲ್ಲೇ ಕೂತು ಎರಡೂ ಬೂಟು ಬಿಚ್ಚಿ ಜೋಡಿಸಿಟ್ಟು, ಕೋಟನ್ನು ಹೊರಗೇ ಬಿಸಾಕಿ ಒಳಗೆ ಬಂದ. ಮಂಚದ ಮೇಲೆ ಗೊರಕೆ ಸಣ್ಣಗಾಗುತ್ತ ಬಂದು ನಿಂತಿತು. ಮಗಳು ಕೋಣೆಯ ನಡುವೆ ಗಡಿಯಾರವನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ನಿಂತಿದ್ದಳು. ಅಪ್ಪನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಅಮ್ಮನ ಮುಖ ನೋಡಿದಳು. ಆಮೇಲೆ ಸ್ಟೂಲು ಹತ್ತಿ, ಗಡಿಯಾರವನ್ನು ಮೊಳೆಗೆ ಸಿಕ್ಕಿಸಿ, ಕೈ ಬಿಡದೆ ಕತ್ತು ತಿರುಗಿಸಿ ಕೇಳಿದಳು.

"ನೆಟ್ಟಗಿದ್ಯಾ ಅಪ್ಪಾ?"

ಮೇಸ್ತ್ರಿ ಎರಡು ಹೆಜ್ಜೆ ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ ನೋಡಿದ.

"ಬಲಕ್ಕೆ, ಒಂಚೂರು," ಎಂದ.

ಮಗಳು ಬಲಕ್ಕೆ ಒಂಚೂರು ಸರಿಸಿದಳು.